ತಪ್ಪು ಒಪ್ಪಿಕೊಳ್ಳುವ ಇಂಗ್ಲಿಷ್

ಐವತ್ತರ ಹತ್ತಿರ ಬಂದ ಮನುಷ್ಯ ಹೊಸದಾಗಿ ಕಲಿಯಬೇಕಾದದ್ದು ಹೆಚ್ಚೇನಿರುವುದಿಲ್ಲ. ಸಕ್ಕರೆ ಕಾಯಿಲೆ ಬಂದಿದ್ದರೆ ಬೆಳಿಗ್ಗೆ ಎದ್ದು ನಡೆಯುವುದನ್ನು ಕಲಿಯುತ್ತಾನೆ, ಮಗಳು ಬೆಳೆದಿದ್ದರೆ ಬಾಯಿ ಮುಚ್ಚಿಕೊಂಡಿರುವುದನ್ನು ಕಲಿಯುತ್ತಾನೆ. ಹೊಸಹಳ್ಳಿಯ ರಾಜೇಂದ್ರನಿಗೆ ಈ ಎರಡೂ ಸಾಲದು ಎಂಬಂತೆ ಬಿಸಿನೆಸ್ ಇಂಗ್ಲಿಷ್ ಕೂಡ ಗಂಟುಬಿತ್ತು.

ಅವನು ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿರುವ ಗುರುಶಾಂತ ವಾಲ್ವ್ಸ್ ಎಂಬ ಕಾರ್ಖಾನೆಯಲ್ಲಿ ಡಿಸ್‌ಪ್ಯಾಚ್ ಇನ್‌ಚಾರ್ಜ್. ಒಳಗೆ ತಯಾರಾದ ವಾಲ್ವುಗಳು ಪೆಟ್ಟಿಗೆ ಸೇರಿ, ಲೇಬಲ್ ಹಚ್ಚಿಸಿಕೊಂಡು, ಸರಿಯಾದ ಲಾರಿ ಹತ್ತುವಂತೆ ನೋಡಿಕೊಳ್ಳುವುದು ಅವನ ಕೆಲಸ. ಮೀಸೆ ಸರಿಯಾಗಿ ಬಲಿಯುವ ಮೊದಲೇ ಅಲ್ಲಿ ಸೇರಿದವನು, ಈಗ ಮೀಸೆಗೆ ಬಣ್ಣ ಹಚ್ಚುವ ಹೊತ್ತು ಬಂದಿದ್ದರೂ ಇನ್ನೊಂದು ಕಾರ್ಖಾನೆಯ ಗೇಟು ಕಂಡವನಲ್ಲ. ಅಷ್ಟು ವರ್ಷವೂ ಅವನ ಇಂಗ್ಲಿಷು ಡೆಲಿವರಿ ಚಲನ್ನಿನ ಅಗಲವನ್ನು ದಾಟಿರಲಿಲ್ಲ. ಯಾರಿಗೆ ಮೇಲ್ ಕಳಿಸಿದರೂ ಕೊನೆಗೆ ‘ಪ್ಲೀಸ್ ಡು ದ ನೀಡ್‌ಫುಲ್’ ಎಂದು ಬರೆದು ಕೈಮುಗಿದುಬಿಡುತ್ತಿದ್ದ. ಲಾರಿಗಳು ಹೋಗಬೇಕಾದ ಊರಿಗೆ ಹೋಗುತ್ತಿದ್ದವು, ಯಾರೂ ದೂರು ಹೇಳಿರಲಿಲ್ಲ.

ಕಾರ್ಖಾನೆ ಕಟ್ಟಿದವರು ರಾಣೆಬೆನ್ನೂರು ಕಡೆಯ ಚನ್ನಮಲ್ಲಪ್ಪನವರು. ಹಣೆ ತುಂಬ ವಿಭೂತಿ, ಗಂಟಲು ತುಂಬ ದನಿ. ಎಲ್ಲರೂ ಅವರನ್ನು ದೊಡ್ಡ ಸಾರ್ ಎನ್ನುತ್ತಿದ್ದರು. ಮಂಡಿ ಸವೆದು ಮೆಟ್ಟಿಲು ಹತ್ತಲಾಗದೆ ಹೋದ ವರ್ಷ ಅವರು ಕಾರ್ಖಾನೆಯನ್ನು ಉತ್ತರದ ಕಡೆಯ ದೊಡ್ಡ ಕಂಪನಿಯೊಂದಕ್ಕೆ ಮಾರಿದರು. ಮಾರಿದ ದಿನ ಎಲ್ಲರಿಗೂ ಹೋಳಿಗೆ ಊಟ ಹಾಕಿಸಿ, “ಯಾರ ಕೆಲಸಕ್ಕೂ ತೊಂದ್ರೆ ಆಗಬಾರ್ದು ಅಂತ ಮಾತು ತಗೊಂಡೀನಪ್ಪ” ಎಂದು ಕಣ್ಣೊರೆಸಿಕೊಂಡರು. ಹೋಳಿಗೆ ಬಾಯಲ್ಲಿದ್ದುದರಿಂದ, ಆ ಮಾತನ್ನು ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ.

ಹೊಸ ಕಂಪನಿ ಬಂದು ಕೆಲವೇ ತಿಂಗಳಿಗೆ ಸುತ್ತೋಲೆ ಬಂತು. ಪ್ರತಿ ವಿಭಾಗದ ಮುಖ್ಯಸ್ಥರೂ ಬಿಸಿನೆಸ್ ಇಂಗ್ಲಿಷ್ ತರಗತಿಗೆ ಹಾಜರಾಗಬೇಕು. ತರಗತಿ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಇಂಗ್ಲಿಷಿನಲ್ಲೇ ಒಂದು ರಿವ್ಯೂ ನಡೆಯುತ್ತದೆ. ಯಾರು ಉಳಿಯಬೇಕು ಯಾರು ಹೋಗಬೇಕು ಎನ್ನುವುದು ಅಲ್ಲಿ ತೀರ್ಮಾನ. ಇಷ್ಟನ್ನು ಬಹಳ ಸಿಹಿಯಾದ ಪದಗಳಲ್ಲಿ ಬರೆದಿದ್ದರು. ರಾಜೇಂದ್ರ ಸಿಹಿಯನ್ನೆಲ್ಲ ಬದಿಗಿಟ್ಟು ಓದಿಕೊಂಡ. ಈ ವಯಸ್ಸಿನಲ್ಲಿ ಹೊರಗೆ ಹಾಕಿದರೆ ತನ್ನನ್ನು ಯಾರು ಕರೆಯುತ್ತಾರೆ? ಮಗಳು ಧನ್ಯಶ್ರೀಯ ಬಿ.ಕಾಂ. ಇನ್ನೂ ಮುಗಿದಿರಲಿಲ್ಲ.

ತರಗತಿ ಶನಿವಾರ ಮಧ್ಯಾಹ್ನ ಕ್ಯಾಂಟೀನಿನಲ್ಲಿ, ಸಾಂಬಾರಿನ ವಾಸನೆ ಆರುವ ಮೊದಲೇ ಶುರುವಾಗುತ್ತಿತ್ತು. ಕಲಿಸುತ್ತಿದ್ದವಳು ಎಚ್.ಆರ್. ವಿಭಾಗಕ್ಕೆ ಹೊಸದಾಗಿ ಬಂದ ಮಾಲವಿಕಾ. ಬಸವೇಶ್ವರನಗರದ ಹುಡುಗಿ. ತನ್ನ ಅಪ್ಪನ ವಯಸ್ಸಿನ ಗಂಡಸರು ಬೆಂಚಿನ ಮೇಲೆ ಕೈಕಟ್ಟಿ ಕೂತದ್ದನ್ನು ನೋಡಿ ಮೊದಲ ದಿನ ಅವಳೇ ನಾಚಿದಳು. ಒಳ್ಳೆಯ ಹುಡುಗಿ, ಮನಸ್ಸಿಟ್ಟು ಕಲಿಸಿದಳು. ಬಂದ ದುಡ್ಡಿನಲ್ಲಿ ಖರ್ಚು ಕಳೆದು ಉಳಿದದ್ದು ಮಾರ್ಜಿನ್. ಗಿರಾಕಿ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಕಸ್ಟಮರ್ ರಿಟೆನ್ಶನ್. ಆರ್ಡರು ಬಂದ ಹೊತ್ತಿನಿಂದ ಮಾಲು ಮುಟ್ಟುವವರೆಗಿನ ಕಾಲ ಲೀಡ್ ಟೈಮ್. ಹೇಳಿದ ದಿನಕ್ಕೆ ಮಾಡಿಕೊಡಬೇಕಾದದ್ದು ಡೆಲಿವರಬಲ್. ಕೈಯಲ್ಲಿ ಬಿಡುವಿಲ್ಲ ಅನ್ನುವುದಕ್ಕೆ ಬ್ಯಾಂಡ್‌ವಿಡ್ತ್ ಇಲ್ಲ ಅನ್ನಬೇಕು. ಇಷ್ಟು ದಿನ ತಾನು ಮಾಡುತ್ತಿದ್ದ ಕೆಲಸಕ್ಕೆಲ್ಲ ಇಷ್ಟು ದೊಡ್ಡ ಹೆಸರುಗಳಿದ್ದವೇ ಎಂದು ರಾಜೇಂದ್ರನಿಗೆ ಆಶ್ಚರ್ಯವಾಯಿತು, ಸ್ವಲ್ಪ ಹೆಮ್ಮೆಯೂ ಆಯಿತು.

ಪಕ್ಕದಲ್ಲಿ ಕೂರುತ್ತಿದ್ದ ಚನ್ನವೀರೇಶನಿಗೆ ಹೆಮ್ಮೆಯೂ ಇಲ್ಲ, ಭಯವೂ ಇಲ್ಲ. ಅವನು ಪರ್ಚೇಸ್ ವಿಭಾಗದವನು, ರಾಜೇಂದ್ರನ ಓರಗೆಯವನು.

“ನಮಗ್ಯಾಕೆ ಮಗಾ ಇದೆಲ್ಲ? ಬೋಲ್ಟ್ ತಗೊಳೋಕೆ ಬ್ಯಾಂಡ್‌ವಿಡ್ತ್ ಬೇಕಾ?” ಎಂದು ಅವನು ಮೂರನೆಯ ತರಗತಿಯಿಂದಲೇ ಹೊಟ್ಟೆನೋವು ತಂದುಕೊಂಡ.

ಆದರೆ ರಾಜೇಂದ್ರ ಒಂದನ್ನೂ ಬಿಡಲಿಲ್ಲ. ಮನೆಯಲ್ಲಿ ಮಗಳೇ ಮೇಷ್ಟ್ರು. ಬೆಳಿಗ್ಗೆ ಅವನು ಗಡ್ಡ ಹೆರೆದುಕೊಳ್ಳುವಾಗ ಧನ್ಯಶ್ರೀ ಬಾಗಿಲಿಗೊರಗಿ ನಿಂತು ಒಂದೊಂದೇ ಪದ ಕೇಳುವಳು. ತಪ್ಪು ಹೇಳಿದರೆ, “ಅಪ್ಪಾ, ಹಂಗಲ್ಲ, ನಾಲಿಗೆ ಮೇಲೆತ್ತು” ಎನ್ನುವಳು. ಅವನು ನಾಲಿಗೆ ಎತ್ತಲು ಹೋಗಿ ಎಷ್ಟೋ ಸಲ ಕೆನ್ನೆ ಕುಯ್ದುಕೊಂಡ. ಕಲಿತದ್ದನ್ನು ಹೆಂಡತಿಯ ಮೇಲೆ ಪ್ರಯೋಗಿಸುವ ಚಪಲ ಬೇರೆ.

“ನಾಗವೇಣಿ, ಇವತ್ತು ಅಡುಗೆಮನೆ ಡೆಲಿವರಬಲ್ ಏನು?”

“ಉಪ್ಪಿಟ್ಟು. ತಿನ್ನೋದಾದ್ರೆ ತಿನ್ನಿ, ಫೀಡ್‌ಬ್ಯಾಕ್ ಮಾತ್ರ ಕೊಡ್ಬೇಡಿ” ಎಂದಳು ನಾಗವೇಣಿ. ಅವಳು ಯಾವ ತರಗತಿಗೂ ಹೋದವಳಲ್ಲ.

ಕಾರ್ಡ್ ರೋಡಿನಲ್ಲಿ ಸ್ಕೂಟರ್ ಓಡಿಸುವಾಗಲೂ ಅವನ ಪಾಠ ನಿಲ್ಲುತ್ತಿರಲಿಲ್ಲ. ಟೋಲ್‌ಗೇಟ್ ಸಿಗ್ನಲ್ಲಿನಲ್ಲಿ ಹೆಲ್ಮೆಟ್ಟಿನೊಳಗೆ ಗೊಣಗುವುದನ್ನು ಕಂಡು ಪಕ್ಕದ ಆಟೋದವನೊಬ್ಬ, “ಏನಣ್ಣ, ಮನೇಲಿ ಜಗಳಾನಾ?” ಎಂದು ಕೇಳಿದ್ದೂ ಉಂಟು.

ಇಷ್ಟರಲ್ಲಿ ಲೇಬಲ್ಲಿನ ಪ್ರಕರಣ ನಡೆಯಿತು. ಅದನ್ನು ಹೇಳುವ ಮೊದಲು ಗುರುಶಾಂತದ ಒಂದು ಪದ್ಧತಿಯನ್ನು ಹೇಳಬೇಕು. ಇಲ್ಲದಿದ್ದರೆ ರಾಜೇಂದ್ರ ಮಾಡಿದ್ದು ಬರೀ ಪೆದ್ದುತನವಾಗಿ ಕಾಣುತ್ತದೆ.

ದೊಡ್ಡ ಸಾರ್ ಕಾಲದಲ್ಲಿ ಎಲ್ಲಿಯಾದರೂ ಎಡವಟ್ಟಾದರೆ ಅವರು ಕ್ಯಾಬಿನ್ನಿನಿಂದ ಹೊರಗೆ ಬಂದು, “ಯಾರ್ದಿದು ತಪ್ಪು?” ಎಂದು ಗುಡುಗುತ್ತಿದ್ದರು. ಆಗ ತಪ್ಪು ಮಾಡಿದವನು ಬಾಯಿ ತೆರೆಯಕೂಡದು. ಆ ವಿಭಾಗದ ಹಿರಿಯ ಮುಂದೆ ಬಂದು, “ನಂದೇ ತಪ್ಪು ಸಾರ್” ಎನ್ನಬೇಕು. ದೊಡ್ಡ ಸಾರ್ ಅವನ ವಂಶವನ್ನೆಲ್ಲ ಜಾಲಾಡಿಸುವರು. ಲೇಥು ತಿರುಗಿಸುವವರೂ ಮೆಷಿನ್ ನಿಲ್ಲಿಸಿ ಕೇಳುವರು. ಬೈಗುಳ ಮುಗಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಅದೇ ಮನುಷ್ಯನಿಗೆ ದೊಡ್ಡ ಸಾರ್ ಕ್ಯಾಬಿನ್ನಿನಿಂದ ಒಂದು ಲೋಟ ಕಾಫಿ ಬರುವುದು. ಕಾಫಿ ಬಂತೆಂದರೆ ಲೆಕ್ಕ ಚುಕ್ತಾ. ಆ ವಿಷಯವನ್ನು ಮತ್ತೆ ಯಾರೂ ಎತ್ತುವಂತಿಲ್ಲ, ದೊಡ್ಡ ಸಾರ್ ಕೂಡ ಎತ್ತುತ್ತಿರಲಿಲ್ಲ. ನಿಜವಾಗಿ ತಪ್ಪು ಮಾಡಿದವನು ಯಾರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು. ಅವನು ತಲೆ ತಗ್ಗಿಸಿಕೊಂಡು ಒಂದು ವರ್ಷ ಎರಡಾಳಿನ ಕೆಲಸ ಮಾಡುತ್ತಿದ್ದ. ರಾಜೇಂದ್ರ ಹೀಗೆ ತನ್ನದಲ್ಲದ ಎಷ್ಟೋ ತಪ್ಪುಗಳಿಗೆ ಕಾಫಿ ಕುಡಿದಿದ್ದ. ಅವನು ಹುಡುಗನಾಗಿದ್ದಾಗ ಮಾಡಿದ ತಪ್ಪುಗಳಿಗೆ ಬೇರೆಯವರು ಕುಡಿದಿದ್ದರು.

ಇನ್ನು ಲೇಬಲ್ಲಿನ ವಿಷಯ. ಕೊಯಮತ್ತೂರಿಗೆ ಹೋಗಬೇಕಾದ ಪೆಟ್ಟಿಗೆಗಳು ಕೊಲ್ಹಾಪುರಕ್ಕೆ ಹೋದವು, ಕೊಲ್ಹಾಪುರದ್ದು ಕೊಯಮತ್ತೂರಿಗೆ. ಕೊಯಮತ್ತೂರಿನ ಗಿರಾಕಿ ತನ್ನ ಕೆಲಸ ನಿಂತುಹೋಯಿತೆಂದು ಸಿಟ್ಟಾಗಿ, ಇನ್ನು ನಿಮ್ಮ ಸಹವಾಸವೇ ಬೇಡ ಎಂದು ಬರೆದುಬಿಟ್ಟ. ದೊಡ್ಡ ಗಿರಾಕಿ, ಹಳೆಯ ಗಿರಾಕಿ.

ಲೇಬಲ್ ಹಚ್ಚಿದವನು ಪ್ಯಾಕಿಂಗಿನ ಮುನಿರಾಜು. ಬಾಪೂಜಿ ನಗರದಿಂದ ಬರುತ್ತಿದ್ದ, ರಾಜೇಂದ್ರನಿಗಿಂತ ದೊಡ್ಡವನು. ಬಲಗಣ್ಣಿಗೆ ಪೊರೆ ಬಂದಿತ್ತು. ಹೇಳಿದರೆ ಮನೆಗೆ ಕಳಿಸುತ್ತಾರೆಂದು ಅದನ್ನು ಮುಚ್ಚಿಟ್ಟಿದ್ದ. ಮೊದಲಾಗಿದ್ದರೆ ಅದರಿಂದ ಏನೂ ಆಗುತ್ತಿರಲಿಲ್ಲ. ಪೆಟ್ಟಿಗೆ ಲಾರಿ ಹತ್ತುವ ಮೊದಲು ಇನ್ನೊಬ್ಬ ನಿಂತು ಲೇಬಲ್ಲನ್ನೂ ಚಲನ್ನನ್ನೂ ಜೋಡಿಸಿ ನೋಡುತ್ತಿದ್ದ. ಹೊಸ ಕಂಪನಿ ಬಂದ ಕೂಡಲೇ ಆ ಇನ್ನೊಬ್ಬ ದಂಡ ಖರ್ಚು ಎಂದು ತೆಗೆದುಹಾಕಿದರು. ತೆಗೆದವನು ಹೊಸ ಪ್ಲಾಂಟ್ ಹೆಡ್ ಸಿದ್ಧಾರ್ಥ. ಹಾಗೆ ಮಾಡಬೇಡಿ, ಒಂದು ದಿನ ಎಡವಟ್ಟಾಗುತ್ತದೆ ಎಂದು ರಾಜೇಂದ್ರ ತನಗೆ ಬಂದ ಇಂಗ್ಲಿಷಿನಲ್ಲಿ ಮೇಲ್ ಬರೆದು, ಕೊನೆಗೆ ಎಂದಿನಂತೆ ಕೈಮುಗಿದಿದ್ದ. ಅದಕ್ಕೆ ಉತ್ತರ ಬಂದಿರಲಿಲ್ಲ.

ರಿವ್ಯೂನಲ್ಲಿ ಇದನ್ನೇ ಕೇಳುತ್ತಾರೆ ಎನ್ನುವುದು ಕಾರ್ಖಾನೆಯ ಬೆಕ್ಕಿಗೂ ಗೊತ್ತಿತ್ತು. ಧನ್ಯಶ್ರೀ ಅಪ್ಪನನ್ನು ಕೂರಿಸಿಕೊಂಡು ಉತ್ತರ ತಯಾರು ಮಾಡಿದಳು.

“ನೋಡಪ್ಪ, ಇದಕ್ಕೆ ರೂಟ್ ಕಾಸ್ ಅಂತಾರೆ. ತಪ್ಪಿನ ಬೇರು. ಯಾರು ಮಾಡಿದ್ರು ಅಂತಲ್ಲ, ಯಾಕಾಯ್ತು ಅಂತ ಹೇಳ್ಬೇಕು. ಸೆಕೆಂಡ್ ಚೆಕ್ ತೆಗೆದುಬಿಟ್ರು, ಅದಕ್ಕಾಯ್ತು. ನಾನು ಮೊದಲೇ ಮೇಲ್ ಮಾಡಿದ್ದೆ. ಈಗ ಅದನ್ನ ಮತ್ತೆ ಶುರು ಮಾಡ್ಬೇಕು. ಇಷ್ಟೇ.”

“ಅವರ ಮುಖದ ಮೇಲೆ ಹಂಗೆ ಹೇಳೋದಾ?”

“ಮುಖದ ಮೇಲಲ್ದೆ ಬೆನ್ನ ಹಿಂದೆ ಹೇಳ್ತಾರಾ? ನಿಜ ತಾನೇ? ಹೇಳು.”

ರಾಜೇಂದ್ರ ಬಾಯಿಪಾಠ ಮಾಡಿದ. ಸ್ನಾನದ ಮನೆಯಲ್ಲಿ ಹೇಳಿದ, ಸಿಗ್ನಲ್ಲಿನಲ್ಲಿ ಹೇಳಿದ, ಕೊನೆಗೆ ಹೆಂಡತಿ ಸೊಪ್ಪು ಬಿಡಿಸುವಾಗ ಅವಳ ಮುಂದೆ ನಿಂತು ಪೂರ್ತಿ ಒಪ್ಪಿಸಿದ. ನಾಗವೇಣಿಗೆ ಅರ್ಥವಾಗಲಿಲ್ಲ, ಆದರೂ ಕಣ್ಣು ಒದ್ದೆಯಾದವು. “ಸಾಹೇಬ್ರ ತರ ಮಾತಾಡ್ತೀರಲ್ರೀ” ಎಂದಳು. ಅವತ್ತು ಅವನಿಗೆ ತಾನು ಉಳಿಯುತ್ತೇನೆ ಎಂದು ನಂಬಿಕೆ ಬಂತು.

ಆ ಶನಿವಾರ ಮಾಲವಿಕಾ ಕೊನೆಯ ಪಾಠ ಮಾಡಿದಳು. ಕೆಲಸದ ಜಾಗದಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಓನರ್‌ಶಿಪ್ ಮತ್ತು ಅಕೌಂಟಬಿಲಿಟಿ ಎಂದಳು. ಅಂದರೆ, ಇದು ನನ್ನ ಕೆಲಸ, ಇದರ ಹೊಣೆ ನನ್ನದು ಎಂದು ಮುಂದೆ ಬರುವುದು. ನೆಪ ಹೇಳುವವರನ್ನು ಕಂಪನಿ ಇಷ್ಟಪಡುವುದಿಲ್ಲ, ಹೊಣೆ ಹೊರುವವರನ್ನು ಇಷ್ಟಪಡುತ್ತದೆ ಎಂದಳು. ಅವಳಿಗೆ ಹಾಗೆಂದು ಕಲಿಸಿದ್ದರು, ಅವಳು ಅದನ್ನು ನಂಬಿದ್ದಳು. ಎಲ್ಲರೂ ತೂಕಡಿಸುತ್ತಿದ್ದರು. ರಾಜೇಂದ್ರ ಮಾತ್ರ ನೆಟ್ಟಗೆ ಕೂತ. ಇದು ನಮ್ಮ ದೊಡ್ಡ ಸಾರ್ ಪದ್ಧತಿಯೇ ಅಲ್ಲವೇ! ಊರು ಬೇರೆ, ಭಾಷೆ ಬೇರೆ, ಧರ್ಮ ಒಂದೇ ಎಂದು ಅವನಿಗೆ ಖುಷಿಯಾಯಿತು.

ರಿವ್ಯೂ ದಿನ ಬೆಳಿಗ್ಗೆ ಮುನಿರಾಜು ಅವನನ್ನು ಸ್ಕೂಟರ್ ಸ್ಟ್ಯಾಂಡಿನಲ್ಲೇ ಹಿಡಿದ. ಕೈಯಲ್ಲಿದ್ದ ಟಿಫನ್ ಚೀಲವನ್ನು ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ ನಿಂತ.

“ರಾಜೇಂದ್ರಪ್ಪ, ಕೇಳಿದ್ರೆ ನನ್ನ ಹೆಸರು ಹೇಳ್ಬಿಡು. ನಾನೇನೂ ಅಂದ್ಕೊಳಲ್ಲ.”

“ಸುಮ್ನಿರಿ ಮುನಿರಾಜಣ್ಣ. ಹೋಗಿ ಕೆಲಸ ನೋಡ್ಕೊಳಿ.”

ಬೇಡಿಕೊಂಡಿದ್ದರೆ ಬೈದು ಕಳಿಸಬಹುದಿತ್ತು. ಹೀಗೆ ಕೊರಳು ಮುಂದೆ ಮಾಡಿ ನಿಂತವನನ್ನು ಏನು ಮಾಡುವುದು? ರಾಜೇಂದ್ರ ಮೆಟ್ಟಿಲು ಹತ್ತುವಾಗ ಬಾಯಿಪಾಠದ ನಡುವೆ ಆ ಮುಖ ಅಡ್ಡಬರತೊಡಗಿತು.

ಒಳಗೆ ಎ.ಸಿ. ಹಾಕಿದ ಕೋಣೆ. ದೊಡ್ಡ ಸಾರ್ ಕೂರುತ್ತಿದ್ದ ಕಡೆ ಈಗ ಸಿದ್ಧಾರ್ಥ. ವಯಸ್ಸು ಚಿಕ್ಕದು, ಸಿಟ್ಟು ಮಾಡುವವನಲ್ಲ, ಯಾವಾಗಲೂ ಒಂದೇ ದನಿ. ಅವನ ಪಕ್ಕ ಲ್ಯಾಪ್‌ಟಾಪ್ ತೆರೆದುಕೊಂಡು ಮಾಲವಿಕಾ. ಹೇಳಿದ್ದನ್ನೆಲ್ಲ ಬರೆದುಕೊಳ್ಳುವುದು ಅವಳ ಕೆಲಸ. ತನ್ನ ಒಳ್ಳೆಯ ವಿದ್ಯಾರ್ಥಿಯನ್ನು ಕಂಡು ಅವಳು ಮೆಲ್ಲಗೆ ನಕ್ಕಳು.

ಮೊದಲ ಪ್ರಶ್ನೆಗಳು ಸುಲಭವಾಗಿದ್ದವು. ಲೀಡ್ ಟೈಮ್ ಹೇಗೆ ಕಡಿಮೆ ಮಾಡಬಹುದು? ರಾಜೇಂದ್ರ ಹೇಳಿದ. ಮಾರ್ಜಿನ್ ಎಲ್ಲಿ ಸೋರಿಹೋಗುತ್ತಿದೆ? ಅದನ್ನೂ ಹೇಳಿದ. ಅವನ ಬಾಯಿಂದ ಇಂಗ್ಲಿಷು ನಲ್ಲಿಯ ನೀರಿನ ಹಾಗೆ ಬರುತ್ತಿತ್ತು. ಅವನಿಗೇ ತನ್ನ ದನಿ ಬೇರೆ ಯಾರದೋ ಎನ್ನಿಸಿತು. ಸಿದ್ಧಾರ್ಥ ಹುಬ್ಬೇರಿಸಿ ಮಾಲವಿಕಾಳ ಕಡೆ ನೋಡಿದ. ಅವಳ ಮುಖ ಅರಳಿತು.

ಆಮೇಲೆ ಗೋಡೆಯ ಪರದೆಯ ಮೇಲೆ ಒಂದು ಚಿತ್ರ ಬಂತು. ಅದಲುಬದಲಾದ ಲೇಬಲ್ಲು.

“ಕೊಯಮತ್ತೂರಿನ ಗಿರಾಕಿಯನ್ನು ಕಳೆದುಕೊಂಡೆವು,” ಎಂದ ಸಿದ್ಧಾರ್ಥ ಇಂಗ್ಲಿಷಿನಲ್ಲಿ. “ಇದು ಯಾರ ತಪ್ಪು, ರಾಜೇಂದ್ರ?”

ಮಗಳು ಕಲಿಸಿದ ಉತ್ತರ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಆದರೆ ಕೇಳಿದ್ದು ಯಾಕಾಯಿತು ಎಂದಲ್ಲ, ಯಾರ ತಪ್ಪು ಎಂದು. ಅದೇ ಜಾಗ, ಅದೇ ಪ್ರಶ್ನೆ. ಸೆಕೆಂಡ್ ಚೆಕ್ ತೆಗೆದದ್ದರಿಂದ ಎಂದರೆ, ಎದುರಿಗೆ ಕೂತ ಮನುಷ್ಯನಿಗೆ ಬೆರಳು ತೋರಿಸಿದ ಹಾಗೆ. ಮನೆ ಯಜಮಾನನ ಎದುರು ನಿಂತು ನಿನ್ನದೇ ತಪ್ಪು ಎಂದು ಹೇಳುವ ನಾಲಿಗೆ ಅವನಿಗಿರಲಿಲ್ಲ, ಯಾವ ತರಗತಿಯಲ್ಲಿ ಎಷ್ಟು ಮೇಲೆತ್ತಿದರೂ ಅದು ಏಳುವಂಥದ್ದಲ್ಲ. ಅದೂ ಅಲ್ಲದೆ ಮುಂದಿನ ಪ್ರಶ್ನೆ, ಹಾಗಾದರೆ ಲೇಬಲ್ ಹಚ್ಚಿದವರು ಯಾರು ಎಂದು. ಟಿಫನ್ ಚೀಲ ಹಿಡಿದು ನಿಂತಿದ್ದ ಮುನಿರಾಜು ಕಣ್ಣಿಗೆ ಕಟ್ಟಿದ. ಹಿರಿಯನಾದವನು ಏನು ಮಾಡಬೇಕೋ ಅದನ್ನು ಮಾಡಿದರೆ ಮಾತು ಇಲ್ಲಿಗೇ ನಿಲ್ಲುತ್ತದೆ ಎಂದುಕೊಂಡ. ಎರಡು ಬೈಗುಳ, ಆಮೇಲೆ ಎಲ್ಲ ಸರಿಹೋಗುತ್ತದೆ. ಕಂಪನಿಗೂ ಅದೇ ಇಷ್ಟವೆಂದು ಎದುರು ಕೂತ ಈ ಮಾಲವಿಕಾಳೇ ಕಲಿಸಿದ್ದಾಳಲ್ಲ.

“ಐ ಟೇಕ್ ಫುಲ್ ಓನರ್‌ಶಿಪ್, ಸರ್. ಐ ಆಮ್ ಅಕೌಂಟಬಲ್ ಫಾರ್ ದಿಸ್ ಫೇಲ್ಯೂರ್” ಎಂದ. ಈ ಸೋಲಿನ ಪೂರ್ತಿ ಹೊಣೆ ನನ್ನದು. ಇಂಗ್ಲಿಷು ಒಂದಿಷ್ಟೂ ತೊಡರಲಿಲ್ಲ.

ಬೈಗುಳ ಬರಲಿಲ್ಲ. ಮಾಲವಿಕಾಳ ಬೆರಳುಗಳು ಟಪಟಪನೆ ಓಡಿದ ಸದ್ದು ಮಾತ್ರ ಬಂತು. ಸಿದ್ಧಾರ್ಥ ತಲೆಯಾಡಿಸಿ, ನಿಮ್ಮ ಪ್ರಾಮಾಣಿಕತೆ ನನಗೆ ಹಿಡಿಸಿತು, ಥ್ಯಾಂಕ್ಯೂ ಎಂದು ಎದ್ದು ಕೈಕುಲುಕಿದ. ದೊಡ್ಡ ಸಾರ್ ಯಾವತ್ತೂ ಕೈಕುಲುಕಿದವರಲ್ಲ.

ರಾಜೇಂದ್ರ ಹೊರಗೆ ಬಂದು ವರಾಂಡದಲ್ಲಿ ಸ್ವಲ್ಪ ಹೊತ್ತು ನಿಂತ. ಯಾಕೆ ನಿಂತೆನೆಂದು ಹೊಳೆದು ಅವನಿಗೇ ನಗು ಬಂತು. ಹೊಸ ಕಂಪನಿಯಲ್ಲಿ ಕಾಫಿಗೆ ಮೆಷಿನ್ ಇದೆ, ಕಳಿಸುವವರು ಯಾರೂ ಇಲ್ಲ. ತಾನೇ ಹೋಗಿ ಗುಂಡಿ ಒತ್ತಿ ಒಂದು ಕಾಗದದ ಲೋಟ ತುಂಬಿಸಿಕೊಂಡು ಕುಡಿದ. ಲೆಕ್ಕ ಚುಕ್ತಾ ಆಯಿತು ಎಂದುಕೊಂಡು ಕೆಳಗಿಳಿದು ಮುನಿರಾಜುವಿಗೆ, “ಮುಗೀತು ಹೋಗಿ, ನಿಮ್ಮ ಹೆಸರೇ ಬರ್ಲಿಲ್ಲ” ಎಂದ. ಮುನಿರಾಜು ಎರಡೂ ಕೈಯಲ್ಲಿ ಅವನ ಕೈ ಹಿಡಿದುಕೊಂಡ.

ಅವನ ನಂತರ ಒಳಗೆ ಹೋಗಿದ್ದ ಚನ್ನವೀರೇಶ ಬೆವರು ಒರೆಸಿಕೊಳ್ಳುತ್ತ ಬಂದ.

“ಏನ್ ಹೇಳ್ದೆ?” ಎಂದು ರಾಜೇಂದ್ರ ಕೇಳಿದ.

“ಏನ್ ಹೇಳ್ಲಿ ಮಗಾ? ಕೇಳಿದ್ದರಲ್ಲಿ ಅರ್ಧ ಅರ್ಥಾನೇ ಆಗ್ಲಿಲ್ಲ. ಎಲ್ಲದಕ್ಕೂ ನೋಟೆಡ್ ಸರ್, ವಿಲ್ ಚೆಕ್ ಸರ್ ಅಂದೆ. ನನ್ನ ಕಥೆ ಮುಗೀತು ಅನ್ಸುತ್ತೆ.”

ರಾಜೇಂದ್ರ ಅವನ ಹೆಗಲು ತಟ್ಟಿ ಸಮಾಧಾನ ಹೇಳಿದ. ತರಗತಿಗೆ ಬಂದಿದ್ದರೆ ಹೀಗಾಗುತ್ತಿತ್ತೇ ಎಂದು ಮನಸ್ಸಿನಲ್ಲೇ ಅಂದುಕೊಂಡ.

ಸಂಜೆ ಮನೆಗೆ ಹೋಗುವಾಗ ಮೈಸೂರು ಪಾಕು ತೆಗೆದುಕೊಂಡ. ನಾಗವೇಣಿ ದೇವರ ಮುಂದಿಟ್ಟು ಕೈಮುಗಿದಳು. ಧನ್ಯಶ್ರೀ ಕಾಲೇಜಿನ ಚೀಲವನ್ನೂ ಇಳಿಸದೆ ಕೇಳಿದಳು:

“ರೂಟ್ ಕಾಸ್ ಹೇಳ್ದ್ಯಾ ಅಪ್ಪಾ?”

“ಅದಕ್ಕಿಂತ ಚೆನ್ನಾಗಿ ಹೇಳ್ದೆ ಕಣೇ” ಎಂದು ಅವನು ತನ್ನ ವಾಕ್ಯವನ್ನು ಅದೇ ರಾಗದಲ್ಲಿ ಹೇಳಿ ತೋರಿಸಿದ.

ಅವಳು ಬಾಯಿಗೆ ಹಾಕಿಕೊಂಡಿದ್ದ ಮೈಸೂರು ಪಾಕನ್ನು ಜಗಿಯುವುದು ನಿಲ್ಲಿಸಿದಳು. “ಅಪ್ಪಾ, ಯಾಕಪ್ಪ ಹಂಗಂದೆ? ಬರ್ಕೊಂಡ್ರಾ?”

“ಬರ್ಕೊಂಡ್ರು. ಏನೀಗ? ದೊಡ್ಡವರ ಮುಂದೆ ತಪ್ಪು ಒಪ್ಕೊಂಡ್ರೆ ಬಿಟ್ಬಿಡ್ತಾರೆ ಕಣೇ. ನಿಂಗಿನ್ನೂ ಗೊತ್ತಾಗಲ್ಲ.”

ಅವಳು ಚೀಲ ಹೆಗಲಲ್ಲಿದ್ದ ಹಾಗೆಯೇ ಒಳಗೆ ಹೋದಳು. ಅವನು ಇನ್ನೊಂದು ತುಂಡು ತಿಂದ.

ಮುಂದಿನ ತಿಂಗಳ ಮೊದಲಲ್ಲೇ ಕರೆ ಬಂತು. ಸಿದ್ಧಾರ್ಥ ಇರಲಿಲ್ಲ. ಮಾಲವಿಕಾ ಒಬ್ಬಳೇ ಕೂತಿದ್ದಳು. ಪತ್ರವನ್ನು ಅವಳು ಓದಿದಳು. ಗಿರಾಕಿಯ ನಷ್ಟಕ್ಕೆ ತಾನೇ ಕಾರಣನೆಂದು ನೌಕರನೇ ಪರಿಶೀಲನಾ ಸಭೆಯಲ್ಲಿ ಒಪ್ಪಿಕೊಂಡಿರುವುದರಿಂದ ಅವನ ಸೇವೆಯನ್ನು ಕೊನೆಗೊಳಿಸಲಾಗಿದೆ ಎಂದಿತ್ತು. ಅವನ ಎರಡು ವಾಕ್ಯಗಳನ್ನು ಹಾಗೆಯೇ ಎತ್ತಿ ಬರೆದಿದ್ದರು. ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ಗಾದೆ ಕಟ್ಟಿದ ಪುಣ್ಯಾತ್ಮ ಇಂಥ ಕೋಣೆಯಲ್ಲಿ ಕೂತಿರಲಾರ.

“ಕನ್ನಡದಲ್ಲಿ ಹೇಳ್ಲಾ ಸಾರ್?” ಎಂದಳು ಮಾಲವಿಕಾ.

“ಬೇಡಮ್ಮ. ಅರ್ಥ ಆಯ್ತು.”

ನಿಜಕ್ಕೂ ಅರ್ಥವಾಗಿತ್ತು. ಒಂದು ಪದವೂ ಬಿಟ್ಟುಹೋಗದಂತೆ ಅರ್ಥವಾಗಿತ್ತು. ಒಂದು ವರ್ಷದ ಹಿಂದಾಗಿದ್ದರೆ ಆ ಪತ್ರವನ್ನು ಯಾರಿಂದಲೋ ಓದಿಸಿಕೊಳ್ಳಬೇಕಾಗುತ್ತಿತ್ತು.

ಆಮೇಲೆ ಅವನು ಎಲ್ಲವನ್ನೂ ಹೇಳಿದ. ಸೆಕೆಂಡ್ ಚೆಕ್ಕಿನ ಮಾತು, ತಾನು ಕಳಿಸಿದ ಮೇಲ್, ಉತ್ತರ ಬಾರದೆ ಹೋದದ್ದು. ಅವಳು ಪತ್ರವನ್ನು ಮೇಜಿನ ಮೇಲೆ ಬೋರಲು ಹಾಕಿದಳು.

“ಇದನ್ನ ಅವತ್ತೇ ಹೇಳ್ಬೇಕಿತ್ತು ಸಾರ್. ಈಗ ಹೇಳಿದ್ರೆ, ಕೆಲಸ ಹೋಯ್ತು ಅಂತ ಹೇಳ್ತಾ ಇದಾರೆ ಅಂತಾರೆ. ನೀವು ಅಷ್ಟು ಚೆನ್ನಾಗಿ ಮಾತಾಡಿದ್ರಿ ಅಂತ ನಾನು ಒಂದು ಪದಾನೂ ಬಿಡದೆ ಬರ್ಕೊಂಡೆ. ನಿಮಗೆ ಒಳ್ಳೇದಾಗುತ್ತೆ ಅನ್ಕೊಂಡೆ.”

ಅವಳನ್ನು ಸಮಾಧಾನ ಮಾಡುವ ಕೆಲಸವೂ ರಾಜೇಂದ್ರನ ಪಾಲಿಗೇ ಬಂತು. “ನೀನೇನ್ ಮಾಡ್ತೀಯಮ್ಮ, ಬಿಡು” ಎಂದು ಎದ್ದ.

ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರೆ. ಚನ್ನವೀರೇಶ ಉಳಿದುಕೊಂಡ. ಅವನು ಹೇಳಿದ್ದರಲ್ಲಿ ಬರೆದಿಟ್ಟುಕೊಳ್ಳುವಂಥದ್ದು ಏನೂ ಇರಲಿಲ್ಲ. ಮುನಿರಾಜು ಉಳಿಯಲಿಲ್ಲ. ಪ್ಯಾಕಿಂಗನ್ನೆಲ್ಲ ಹೊರಗಿನ ಕಂಟ್ರಾಕ್ಟಿಗೆ ಕೊಟ್ಟು, ಲೇಬಲ್ಲಿನ ಸುದ್ದಿಯನ್ನೇ ಎತ್ತದೆ ಅವನನ್ನು ಮನೆಗೆ ಕಳಿಸಿದರು. ಹಾಗೆ ನೋಡಿದರೆ ರಾಜೇಂದ್ರ ಹೊಣೆ ಹೊತ್ತು ಉಳಿಸಿದ್ದು ಯಾರನ್ನೂ ಅಲ್ಲ. ಸಿದ್ಧಾರ್ಥನನ್ನು ಉಳಿಸಿದ ಎನ್ನಬಹುದೇನೋ.

ಬೇರೆ ದಾರಿ ಕಾಣದೆ ಅವನು ಒಂದು ದಿನ ಬಸವೇಶ್ವರನಗರಕ್ಕೆ, ದೊಡ್ಡ ಸಾರ್ ಮನೆಗೆ ಹೋದ. ಅವರು ಮುಂಬಾಗಿಲ ಬಿಸಿಲಿನಲ್ಲಿ ಕಾಲಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರು. ಮೊದಲಿನ ದನಿ ಇರಲಿಲ್ಲ. ಎಲ್ಲ ಕೇಳಿಸಿಕೊಂಡರು.

“ತಪ್ಪು ನಂದು ಅಂದ್ಯಾ?”

“ಅಂದೆ ಸಾರ್.”

“ಹೋಗ್ಲಿ ಬಿಡು ರಾಜೇಂದ್ರ,” ಎಂದರು ಅವರು, ಹಿಂದೆ ಕಾಫಿ ಕಳಿಸುವಾಗ ಅನ್ನುತ್ತಿದ್ದ ಹಾಗೆ.

ಅವನು ಎಷ್ಟೋ ದಿನದಿಂದ ಕಾಯುತ್ತಿದ್ದ ಮಾತು ಅದೇ. ಹೇಳಿದವರ ಕೈಯಲ್ಲಿ ಈಗ ಎಣ್ಣೆ ಬಟ್ಟಲು ಬಿಟ್ಟರೆ ಏನೂ ಇರಲಿಲ್ಲ. ಅವರಿಗೂ ಅದು ಹೊಳೆದಿರಬೇಕು, ಮುಖವನ್ನು ರಸ್ತೆಯ ಕಡೆ ತಿರುಗಿಸಿಕೊಂಡರು. ರಾಜೇಂದ್ರ ಕಾಲು ಮುಟ್ಟಿ ನಮಸ್ಕಾರ ಮಾಡಿ ಬಂದ.

ಕಾಮಾಕ್ಷಿಪಾಳ್ಯದ ಸಣ್ಣ ಸಣ್ಣ ವರ್ಕ್‌ಶಾಪುಗಳನ್ನು ತಿರುಗಿದ. ಪೀಣ್ಯಕ್ಕೂ ಹೋದ. ಎಲ್ಲರೂ ಕನ್ನಡದಲ್ಲೇ ಮಾತಾಡಿಸಿದರು, ಎಲ್ಲರೂ ಒಂದೇ ಪ್ರಶ್ನೆ ಕೇಳಿದರು, ಅಲ್ಲಿ ಯಾಕೆ ಬಿಟ್ಟಿರಿ ಎಂದು. ಸುಳ್ಳು ಹೇಳಲು ಬರದೆ ತಡವರಿಸಿದ. ಒಬ್ಬ ಮಾತ್ರ, ನಾಳೆಯಿಂದ ಬನ್ನಿ ಎಂದವನು, ಸಂಜೆ ಫೋನ್ ಮಾಡಿ ಬೇಡ ಎಂದ. ಹಳೆಯ ಕಂಪನಿಗೆ ಫೋನ್ ಹಚ್ಚಿ ವಿಚಾರಿಸಿದ್ದನಂತೆ. ನಾಗವೇಣಿ ಪಕ್ಕದ ಬೀದಿಯ ಮದುವೆ ಛತ್ರದವರಿಗೆ ಚಪಾತಿ ಲಟ್ಟಿಸಲು ಹೋಗತೊಡಗಿದಳು. ಅವನು ಮನೆಯಲ್ಲಿ ಕೂತ. ಎದುರು ಮನೆಯವರು, “ಏನ್ ಸಾರ್, ರಜಾನಾ?” ಎನ್ನುವುದನ್ನೂ ಬಿಟ್ಟರು. ಬಟ್ಟೆ ಒಣಹಾಕುವುದು, ಅಕ್ಕಿ ಆರಿಸುವುದು, ಇಂಥವು ಅವನ ಪಾಲಿಗೆ ಬಂದವು.

ವರ್ಷದ ಕೊನೆಗೆ ಧನ್ಯಶ್ರೀಯ ಕಾಲೇಜಿಗೆ ಕಂಪನಿಗಳು ಬರುವ ಕಾಲ ಬಂತು. ಅವಳಿಗೆ ಕೆಲಸ ಸಿಗುವುದರ ಮೇಲೆ ಈಗ ಮನೆಯ ಮೂವರೂ ನಿಂತಿದ್ದರು, ಆದರೆ ಯಾರೂ ಅದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸಂದರ್ಶನದ ಹಿಂದಿನ ದಿನ ಮಧ್ಯಾಹ್ನ ಅವಳು ಗೋಡೆಗೊರಗಿ ಕೂತು ಒಬ್ಬಳೇ ಪ್ರಶ್ನೋತ್ತರ ಮಾಡಿಕೊಳ್ಳುತ್ತಿದ್ದಳು. ರಾಜೇಂದ್ರ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದ. ಅಪ್ಪ ಕೆಲಸ ಕಳೆದುಕೊಂಡ ಮೇಲೆ ಅವಳು ಅವನ ಮುಂದೆ ಇಂಗ್ಲಿಷ್ ಆಡುವುದನ್ನು ತಪ್ಪಿಸುತ್ತಿದ್ದಳು. ಇವತ್ತು ಒಂದು ಪ್ರಶ್ನೆಗೆ ಬಂದು ನಿಂತಳು.

“ಅಪ್ಪಾ, ಒಂದು ಕೇಳ್ಲಾ? ನಿಮ್ಮ ಟೀಮಿನಲ್ಲಿ ಒಂದು ತಪ್ಪಾಗಿದೆ, ನೀವೇನು ಮಾಡ್ತೀರಿ ಅಂತ ಕೇಳ್ತಾರಂತೆ. ಏನು ಹೇಳ್ಲಿ?”

ಅವನು ಅಕ್ಕಿಯಿಂದ ಕೈ ತೆಗೆಯಲಿಲ್ಲ. ಚಿಕ್ಕವಳಿದ್ದಾಗ ಇವಳು ಪಕ್ಕದ ಮನೆಯ ಹೂಕುಂಡ ಒಡೆದು ಬಂದು, ಬೈಸಿಕೊಳ್ಳಲು ತಾನೇ ಅವರ ಬಾಗಿಲು ತಟ್ಟಿದ್ದಳು. ಅವತ್ತು ಅವನು ಇವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೀದಿಯೆಲ್ಲ ತಿರುಗಿಸಿದ್ದ. ಸಿಕ್ಕಿದ ಕಲ್ಲೊಂದನ್ನು ಎತ್ತಿ ಬದಿಗೆಸೆದು ಹೇಳಿದ:

“ನಾನಲ್ಲ ಅನ್ನು.”

“ಹಂಗಲ್ಲಪ್ಪ...”

“ನಾನಲ್ಲ ಅನ್ನು. ಇಂಗ್ಲಿಷಲ್ಲಿ ಹಂಗೆ ಹೇಳಲ್ಲ. ದಟ್ ವಾಸ್ ನಾಟ್ ಇನ್ ಮೈ ಸ್ಕೋಪ್ ಅಂತ ಹೇಳು. ಅದು ನನ್ನ ಕೆಲಸದ ವ್ಯಾಪ್ತಿಗೆ ಬರಲ್ಲ ಅಂತ.”

“ನನ್ನ ತಪ್ಪೇ ಆಗಿದ್ರೆ?”

“ಆಗ್ಲೂ ಅದನ್ನೇ ಹೇಳು.”

ಧನ್ಯಶ್ರೀ ಅಪ್ಪನನ್ನು ನೋಡಿದಳು. ಅವಳಿಗೆ ಅಳು ಬರುವಂತಾಗಿತ್ತು, ನಾಳೆ ಕೆಲಸವೂ ಬೇಕಾಗಿತ್ತು. ನೆಲ ನೋಡಿಕೊಂಡು ಆ ವಾಕ್ಯವನ್ನು ಮೆಲ್ಲಗೆ ಹೇಳಿದಳು.

ರಾಜೇಂದ್ರ ಮೊರವನ್ನು ಬದಿಗಿಟ್ಟು ಅವಳ ಎದುರು ಬಂದು ಕೂತ.

“ನೆಲ ನೋಡ್ಬೇಡ. ಅವರ ಮುಖ ನೋಡ್ಕೊಂಡು ಹೇಳ್ಬೇಕು. ಇನ್ನೊಂದ್ಸಲ ಹೇಳು” ಎಂದ.

ಅವಳು ಅಪ್ಪನ ಮುಖ ನೋಡಿಕೊಂಡು ಇನ್ನೊಂದು ಸಲ ಹೇಳಿದಳು.